ಮಾಯದ ಹುಣ್ಣು

ದೊಡ್ಡಪ್ಪನ ಮೂಗಿನ ಬದಿಯಲ್ಲಿ, ಕನ್ನಡಕ ಕೂರುವಲ್ಲಿ, ಕಡಲೆಕಾಳಿನಷ್ಟು ಕಪ್ಪು ಗುಳ್ಳೆ. ಬೆಳಿಗ್ಗೆ ಮುಖ ತೊಳೆದರೆ ಹಕ್ಕಳೆ ಕಿತ್ತು ಒಂದು ಹನಿ ರಕ್ತ. ಸಂಜೆಗೆ ಮತ್ತೆ ಹಕ್ಕಳೆ. ಹೀಗೇ ಎರಡು ವರ್ಷ. ಹುಣ್ಣಾಗಿದೆಯಲ್ಲ ಎಂದರೆ, "ಹುಣ್ಣಾದರೆ ನೋಯುವುದಿಲ್ವಾ ಮಾರಾಯ? ಮಚ್ಚೆ ಅದು."

ಮಾತಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಹುಣ್ಣೆಂದರೆ ನೋವೇ. ಆ ಪದ ಹಳಗನ್ನಡದಲ್ಲಿ ಪುಣ್, ತಮಿಳಿನಲ್ಲಿ ಇಂದಿಗೂ ಪುಣ್, ತುಳುವಿನಲ್ಲಿ ಪುಣ್ಣು, ತೆಲುಗಿನಲ್ಲಿ ಪುಂಡು. ಪಾಲು ಹಾಲಾಗಿ, ಪುಲಿ ಹುಲಿಯಾದ ಹಾದಿಯಲ್ಲೇ ನಮ್ಮ ಪುಣ್ಣೂ ಹುಣ್ಣಾಯಿತು. ನಕ್ಕು ನಕ್ಕು ಹೊಟ್ಟೆ ಹುಣ್ಣಾದರೂ ಅಲ್ಲಿರುವುದು ನೋವೇ. ಇನ್ನು ಜ್ವರ ಬಿಡುತ್ತದೆ, ಬಾವು ಇಳಿಯುತ್ತದೆ, ಹುಣ್ಣು ಮಾತ್ರ ಮಾಯುತ್ತದೆ. ತಮಿಳಿನ ಮಾಯ್ ಅಂದರೆ ಅಳಿಯುವುದು, ಸಾಯುವುದು. ಆ ಸಾವನ್ನು ನಾವು ಹುಣ್ಣು-ಗಾಯಗಳಿಗೆ ಮೀಸಲಿಟ್ಟೆವು.

ಕೊನೆಗೂ ದೊಡ್ಡಪ್ಪನನ್ನು ಕರೆದೊಯ್ದಾಗ ಚರ್ಮವೈದ್ಯೆ ಮೊದಲು ಕೇಳಿದ್ದು ನೋವಿನ ಮಾತಲ್ಲ. "ಅಜ್ಜಾ, ನಡುವೆ ಒಮ್ಮೆಯಾದರೂ ಪೂರ್ತಿ ಮಾಯ್ದಿತ್ತಾ?" ಟಾರ್ಚು ಬಿಟ್ಟಾಗ ಗುಳ್ಳೆಯ ಅಂಚು ಮುತ್ತಿನಂತೆ ಹೊಳೆಯಿತು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು: ಬೇಸಲ್ ಸೆಲ್ ಕಾರ್ಸಿನೋಮ, ಚರ್ಮದ ಕ್ಯಾನ್ಸರ್. ನಮ್ಮ ಮೈಬಣ್ಣದಲ್ಲಿ ಇದು ಹಲವು ಸಲ ಕಪ್ಪಗೇ ಇರುತ್ತದೆ, ಮಚ್ಚೆಯೆಂದು ಮೋಸಹೋಗುವುದು ಅದಕ್ಕೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು, ಮೂಗಿನದಕ್ಕೆ ಬೇಕು.

ಡಬ್ಲಿನ್ನಿನ ಕಣ್ಣಿನ ವೈದ್ಯ ಆರ್ಥರ್ ಜೇಕಬ್ 1827ರಲ್ಲಿ ರೆಪ್ಪೆ, ಮುಖಗಳ ಮೇಲಿನ ಇಂಥ ಹುಣ್ಣನ್ನು ವಿವರಿಸಿದ. ಇಂಗ್ಲಿಷಿನಲ್ಲಿ ಇದಕ್ಕೆ ರೋಡೆಂಟ್ ಅಲ್ಸರ್ ಎಂಬ ಹೆಸರು ಬಂತು. ರೋಡೆಂಟ್ ಅಂದರೆ ಇಲಿಯ ಜಾತಿ, ಆದರೆ ಇಲಿಗೂ ಈ ಹುಣ್ಣಿಗೂ ಸಂಬಂಧವಿಲ್ಲ. ಲ್ಯಾಟಿನ್ನಿನಲ್ಲಿ ಆ ಪದದ ಮೂಲಾರ್ಥ ಕೊರೆದು ತಿನ್ನುವುದು. ಎಷ್ಟು ಒಪ್ಪುವ ಹೆಸರು! ಈ ಕ್ಯಾನ್ಸರ್ ದೂರದ ಅಂಗಗಳಿಗೆ ಹಬ್ಬುವುದು ತೀರಾ ಅಪರೂಪ. ಕೂತಲ್ಲೇ ಚರ್ಮ, ಮೃದ್ವಸ್ಥಿ, ಬಿಟ್ಟರೆ ಎಲುಬನ್ನೂ ಕೊರೆಯುತ್ತದೆ.

ಸುತ್ತಲಿನ ಒಳ್ಳೆಯ ಚರ್ಮವನ್ನೂ ಕೆಲವು ಮಿಲಿಮೀಟರಿನಷ್ಟು ಸೇರಿಸಿ ಕೊಯ್ದು ತೆಗೆಯುವುದೇ ಮುಖ್ಯ ಚಿಕಿತ್ಸೆ. ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ. ದೊಡ್ಡಪ್ಪನಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಆ ಜಾಗಕ್ಕಷ್ಟೇ ಮರಗಟ್ಟಿಸಿ ಕೊಯ್ದರು, ನಾಲ್ಕು ಹೊಲಿಗೆ.

ಈ ಕ್ಯಾನ್ಸರಿಗೆ ಮುಖ್ಯ ಕಾರಣ ಬಿಸಿಲು. ಗದ್ದೆಯ ಬಿಸಿಲಲ್ಲಿ ಐವತ್ತು ವರ್ಷ ಅವರ ತಲೆಯ ಮೇಲಿದ್ದದ್ದು ಅಡಿಕೆ ಹಾಳೆಯ ಮುಟ್ಟಾಳೆ. ಅದು ನೆತ್ತಿ ಕಾಯುತ್ತದೆ. ಅಂಚಿಲ್ಲದ್ದರಿಂದ ಮೂಗಿಗೆ ನೆರಳಿಲ್ಲ. ಈಗ ಅಗಲ ಅಂಚಿನ ಟೊಪ್ಪಿ, ತುಂಬುತೋಳಿನ ಅಂಗಿ, ಹತ್ತರಿಂದ ನಾಲ್ಕರವರೆಗೆ ಆದಷ್ಟು ನೆರಳು. ಸನ್‌ಸ್ಕ್ರೀನ್ ಹಚ್ಚಲು ಮಾತ್ರ ಮದುಮಗನಂತೆ ನಾಚುತ್ತಾರೆ.

ಗಾಯ ಚೆನ್ನಾಗಿ ಮಾಯ್ದಿದೆಯಲ್ಲ ಅಂದೆ ಮೊನ್ನೆ. ಮೂಗು ಸವರಿಕೊಂಡು ತಿದ್ದಿದರು: "ಗಾಯ ಮಾಯ್ದದ್ದು ಹೌದು. ಹುಣ್ಣು ಮಾಯ್ದದ್ದಲ್ಲ ಮಾರಾಯ, ಕೊಯ್ದದ್ದು."