ಎಲ್ಲ ವರ್ಗ ಸಮೀಕರಣಕ್ಕೂ ಅಪವರ್ತನ ಸಾಕೇ? ಸೂತ್ರ ಬೇಡವೇ?

“ಗುಣಿಸಿದರೆ ಕೊನೆಯ ಸಂಖ್ಯೆ, ಕೂಡಿದರೆ ನಡುವಿನ ಸಂಖ್ಯೆ ಬರುವ ಜೋಡಿ ಹುಡುಕಿ, ಸೂತ್ರ ಬಾಯಿಪಾಠ ಬೇಡ.” ಎಸ್ಸೆಸ್ಸೆಲ್ಸಿ ಮಕ್ಕಳಿಗೆಂದು ಇಂಥ ಟಿಪ್ಸ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಇದು ಅರ್ಧ ಮಾತ್ರ ನಿಜ.

ಕೋಲಾರದ ಕ್ಯಾಲನೂರಿನಲ್ಲಿ ಒಬ್ಬರು ಸರಿಯಾಗಿ ಒಂದು ಗುಂಟೆ, ಅಂದರೆ 1,089 ಚದರ ಅಡಿ ಜಾಗವನ್ನು ಆಯತಾಕಾರವಾಗಿ ಅಳೆಯಬೇಕು ಎಂದುಕೊಳ್ಳೋಣ. ಉದ್ದವು ಅಗಲಕ್ಕಿಂತ 10 ಅಡಿ ಹೆಚ್ಚಿರಬೇಕು. ಅಗಲವನ್ನು ‘ಯಾ’ ಎನ್ನೋಣ (ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಇದೇ ಅಕ್ಷರ!). ಆಗ:

ಯಾ² + 10ಯಾ − 1089 = 0

ಜೋಡಿ ಹುಡುಕಿ ನೋಡಿ. 1089ಕ್ಕೆ ಇರುವುದು ಐದೇ ಜೋಡಿ: 1×1089, 3×363, 9×121, 11×99, 33×33. ಯಾವುದರಲ್ಲೂ ವ್ಯತ್ಯಾಸ 10 ಬರುವುದಿಲ್ಲ. ಎಷ್ಟು ಹೊತ್ತು ಕೂತರೂ ಸಿಗದು.

ಸೂತ್ರ ಹೀಗಿದೆ. ಅಯಾ² + ಬಯಾ + ಕ = 0 ಆದರೆ,

ಯಾ = (−ಬ ± √(ಬ² − 4ಅಕ)) ÷ 2ಅ

ನಮ್ಮ ಲೆಕ್ಕದಲ್ಲಿ ಮೂಲಚಿಹ್ನೆಯ ಒಳಗೆ 100 + 4356 = 4456. ಅದರ ವರ್ಗಮೂಲ ಸುಮಾರು 66.75. ಅಗಲ ಸುಮಾರು 28.4 ಅಡಿ, ಉದ್ದ 38.4 ಅಡಿ. ಇನ್ನೊಂದು ಮೂಲ ಋಣ ಸಂಖ್ಯೆ. ಜಮೀನಿನ ಅಗಲ ಋಣವಾಗಲಾರದು, ಬಿಟ್ಟುಬಿಡಿ. ಕಣ್ಣಂದಾಜಿನಲ್ಲಿ 28×38 ಎಂದು ಅಳೆದಿದ್ದರೆ 25 ಚದರ ಅಡಿ ಖೋತಾ ಆಗುತ್ತಿತ್ತು.

ಜೋಡಿ ಸಿಗುತ್ತದೋ ಇಲ್ಲವೋ ಮೊದಲೇ ತಿಳಿಯಬಹುದೇ? ಖಂಡಿತ. ಅ, ಬ, ಕ ಪೂರ್ಣಾಂಕಗಳಾಗಿದ್ದಾಗ ಬ² − 4ಅಕ, ಅಂದರೆ ಶೋಧಕ, ಪೂರ್ಣವರ್ಗವಾಗಿದ್ದರೆ ಅಪವರ್ತನ ನಡೆಯುತ್ತದೆ. 4456 ಪೂರ್ಣವರ್ಗವಲ್ಲ.

ನಡೆಯುವ ಲೆಕ್ಕವೂ ನಮ್ಮ ನಾಡಿನಲ್ಲೇ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಒಂಟೆ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ 15 ನದಿ ದಂಡೆಯಲ್ಲಿ. ಒಟ್ಟು ಎಷ್ಟು? ಹಿಂಡಿನ ವರ್ಗಮೂಲವನ್ನು ‘ಯಾ’ ಎಂದರೆ 3ಯಾ² − 8ಯಾ − 60 = 0. ಶೋಧಕ 784, ಅಂದರೆ 28ರ ವರ್ಗ. ಹಾಗಾಗಿ (ಯಾ − 6)(3ಯಾ + 10) = 0 ಎಂದು ಸಲೀಸಾಗಿ ಒಡೆಯುತ್ತದೆ. ಯಾ = 6, ಒಂಟೆಗಳು 36. ತಾಳೆ ನೋಡಿ: 9 + 12 + 15.

ಪರೀಕ್ಷೆ ಬರೆಯುವವರಿಗೆ ಒಂದು ಮಾತು: ಪ್ರಶ್ನೆಯಲ್ಲೇ “ಸೂತ್ರದ ಸಹಾಯದಿಂದ ಬಿಡಿಸಿ” ಎಂದಿದ್ದರೆ ಜೋಡಿ ಕಣ್ಣಿಗೆ ಕಂಡರೂ ಸೂತ್ರದಲ್ಲೇ ಬಿಡಿಸಿ.