ಬಿಪಿ ಮಾತ್ರೆಯ ಕಥೆ: ಒಬ್ಬ ಅಧ್ಯಕ್ಷ, ಒಂದು ಬೇರು ಮತ್ತು ನಮ್ಮಪ್ಪ

ಈ ವಾರದ ಇತಿಹಾಸ ಹುಡುಕೋಕೆ ತುಂಬಾ ದೂರ ಹೋಗಬೇಕಿಲ್ಲ. ನಿಮ್ಮ ಮನೆಯ ಫ್ರಿಜ್ ಮೇಲೋ, ಟಿವಿ ಪಕ್ಕದ ಡಬ್ಬಿಯಲ್ಲೋ ಅದು ಇದೆ. ಅಪ್ಪನದೋ, ಅಜ್ಜಿಯದೋ ಬಿಪಿ ಮಾತ್ರೆ.

ನಾನು ಈ ಕಥೆ ಹುಡುಕೋಕೆ ಶುರು ಮಾಡಿದ್ದಕ್ಕೆ ಒಂದು ಕಾರಣ ಇದೆ. ಎರಡು ವರ್ಷದ ಹಿಂದೆ ಊರಿಗೆ ಹೋಗಿದ್ದಾಗ ಅಪ್ಪ ಖುಷಿಯಿಂದ ಹೇಳಿದ್ರು, "ಬಿಪಿ ನೋಡಿಸ್ದೆ ಕಣೋ, 126/80. ಪೂರ್ತಿ ನಾರ್ಮಲ್. ಇನ್ನೇನು ಮಾತ್ರೆ? ಬಿಟ್ಬಿಟ್ಟೆ." ನಾನು ಮೊಬೈಲ್ ನೋಡ್ತಾ "ಹೂಂ, ಒಳ್ಳೇದಾಯ್ತು" ಅಂದೆ. ಅಷ್ಟೇ ಅಂದಿದ್ದು.

ಆ "ಹೂಂ" ಬಗ್ಗೆ ಕೊನೆಗೆ ಹೇಳ್ತೀನಿ. ಮೊದಲು 1945ಕ್ಕೆ ಹೋಗೋಣ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಎರಡನೇ ಮಹಾಯುದ್ಧ ನಡೆಸುತ್ತಿದ್ದ ಮನುಷ್ಯ. ಜಗತ್ತಿನ ಯಾವ ಔಷಧಿ ಬೇಕಾದರೂ ಅವರ ಕೈಗೆ ಸಿಗುತ್ತಿತ್ತು. 1944ರ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಯುವ ಹೃದಯತಜ್ಞ ಅವರನ್ನು ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಹೃದಯ ಆಗಲೇ ಸೋಲುತ್ತಿತ್ತು. ಬ್ರೂಯೆನ್ ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು, ವಿಶ್ರಾಂತಿ ಹೇಳಿದರು. ಆದರೆ ಒತ್ತಡವನ್ನೇ ಇಳಿಸುವ ಒಳ್ಳೆಯ ಮಾತ್ರೆ ಅವರ ಹತ್ತಿರ ಇರಲಿಲ್ಲ, ಯಾಕಂದ್ರೆ ಅಂಥದ್ದು ಆಗ ಇರಲೇ ಇಲ್ಲ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತಮ್ಮ ಚಿತ್ರ ಬರೆಸಿಕೊಳ್ಳುತ್ತಾ ಕೂತಿದ್ದವರು ವಿಪರೀತ ತಲೆನೋವು ಅಂದರು, ಕುಸಿದರು. ಆಗ ಬಿಪಿ 300/190. ಮಿದುಳಿನ ರಕ್ತಸ್ರಾವ. ವಯಸ್ಸು 63.

ಬಿಪಿ ಅಳೆಯೋ ಪಟ್ಟಿ ಆಗ ಹೊಸದೇನಲ್ಲ. ಇಟಲಿಯ ರಿವಾ ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಅಳೆದಿದ್ದು 1896ರಲ್ಲಿ. ರಷ್ಯಾದ ಕೊರೊಟ್ಕಾಫ್ ಅದಕ್ಕೆ ಸ್ಟೆತೊಸ್ಕೋಪ್ ಸೇರಿಸಿದ್ದು 1905ರಲ್ಲಿ. ಅಂದ್ರೆ ಅರ್ಧ ಶತಮಾನ ಕಾಲ ಡಾಕ್ಟರುಗಳಿಗೆ ನಂಬರ್ ಗೊತ್ತಾಗ್ತಿತ್ತು, ಇಳಿಸೋದು ಹೇಗೆ ಅಂತ ಗೊತ್ತಿರಲಿಲ್ಲ. ಇಳಿಸಲೇಬಾರದು ಅನ್ನೋ ಡಾಕ್ಟರುಗಳೂ ಇದ್ದರು. ಗಡುಸಾದ ರಕ್ತನಾಳದಲ್ಲಿ ರಕ್ತ ಹರಿಯೋಕೆ ಅಷ್ಟು ಒತ್ತಡ ಬೇಕೇ ಬೇಕು ಅನ್ನೋದು ಅವರ ವಾದ.

ಇತ್ತ ನಮ್ಮ ದೇಶದಲ್ಲಿ ಒಂದು ಬೇರು ಇತ್ತು. ಸರ್ಪಗಂಧ. ನಮ್ಮ ಪಶ್ಚಿಮ ಘಟ್ಟದ ಕಾಡಲ್ಲೂ ಬೆಳೆಯುತ್ತೆ. ಬಿಹಾರದ ಕಡೆ ಇದಕ್ಕೆ 'ಪಾಗಲ್ ಕೀ ದವಾ' ಅಂತಲೇ ಹೆಸರು, ಹುಚ್ಚಿನ ಮದ್ದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ಇಬ್ಬರು ವೈದ್ಯರು ಒಂದು ಲೇಖನ ಬರೆದರು: ಈ ಬೇರು ಮನಸ್ಸನ್ನು ಶಾಂತ ಮಾಡುತ್ತೆ, ಜೊತೆಗೆ ರಕ್ತದೊತ್ತಡವನ್ನೂ ಇಳಿಸುತ್ತೆ. ಅದೇ ಹೊತ್ತಿಗೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ರಾಸಾಯನಿಕಗಳನ್ನು ಬೇರ್ಪಡಿಸುತ್ತಿದ್ದರು. ಅದರಲ್ಲಿ ಒಂದಕ್ಕೆ ಹಕೀಂ ಅಜ್ಮಲ್ ಖಾನ್ ನೆನಪಿಗೆ ಅಜ್ಮಲಿನ್ ಅಂತ ಹೆಸರಿಟ್ಟರು.

ಜಗತ್ತು ಕಿವಿಗೊಟ್ಟಿದ್ದು 1949ರಲ್ಲಿ. ಬಾಂಬೆಯ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ ವರ್ಷಗಟ್ಟಲೆ ಈ ಬೇರನ್ನು ರೋಗಿಗಳಿಗೆ ಕೊಟ್ಟು, ಬಿಪಿ ಬರೆದಿಟ್ಟುಕೊಂಡು ಬಂದಿದ್ದರು. ಅದರಲ್ಲಿ 50 ಜನರ ಲೆಕ್ಕವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಮೂರೇ ವರ್ಷದಲ್ಲಿ, 1952ರಲ್ಲಿ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಅಂಶ ರಿಸರ್ಪಿನ್ ಅನ್ನು ಬೇರ್ಪಡಿಸಿದರು. 1957ರಲ್ಲಿ ವಕೀಲ್ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

"ನೋಡಿ, ನಮ್ಮ ನಾಟಿ ಔಷಧಿಯೇ ಶ್ರೇಷ್ಠ" ಅಂತ ಇಲ್ಲಿಗೇ ಕಥೆ ಮುಗಿಸಬಹುದು. ವಾಟ್ಸಾಪ್‌ನಲ್ಲಿ ಹಾಗೇ ಮುಗಿಯುತ್ತೆ. ಆದರೆ ರಿಸರ್ಪಿನ್ ಮಾತ್ರೆ ಜಾಸ್ತಿ ಜನರ ಕೈಗೆ ಹೋದ ಹಾಗೆ ತೊಂದರೆಗಳೂ ಕಾಣಿಸಿದವು. ಮೂಗು ಕಟ್ಟೋದು, ಮಂಕು, ಕೆಲವರಲ್ಲಿ ತೀವ್ರ ಖಿನ್ನತೆ. ಗಿಡದಿಂದ ಬಂದಿದ್ದು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಅಂತ ಕಲಿಯಲೇಬೇಕಾಯಿತು. ಡೋಸ್ ಕಡಿಮೆ ಆಯಿತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1960ರ ದಶಕದಲ್ಲೂ ಒಂದು ಪ್ರಶ್ನೆ ಉಳಿದಿತ್ತು: ಬಿಪಿ ಇಳಿಸಿದರೆ ಜೀವ ಉಳಿಯುತ್ತಾ, ಇಲ್ಲಾ ಬರೀ ನಂಬರ್ ಇಳಿಯುತ್ತಾ? ಎಡ್ವರ್ಡ್ ಫ್ರೀಸ್ ಎಂಬ ವೈದ್ಯರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಳಗಿನ ಬಿಪಿ 115ರಿಂದ 129 ಇದ್ದ 143 ಗಂಡಸರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಅದೇ ಥರ ಇರುವ ಖಾಲಿ ಮಾತ್ರೆ. ನಿಜವಾದ ಮಾತ್ರೆಗಳು ಮೂರು, ಅದರಲ್ಲಿ ಒಂದು ನಮ್ಮ ಸರ್ಪಗಂಧದ ರಿಸರ್ಪಿನ್.

ಫ್ರೀಸ್‌ಗೆ ಒಂದು ವಿಷಯ ಗೊತ್ತಿತ್ತು. ಜನ ಮಾತ್ರೆ ತಗೋತೀನಿ ಅಂತಾರೆ, ತಗೊಳಲ್ಲ. ಅದಕ್ಕೇ ಪ್ರಯೋಗ ಶುರುವಾಗೋ ಮುಂಚೆ ಒಂದು ಉಪಾಯ ಮಾಡಿದರು. ಖಾಲಿ ಮಾತ್ರೆಯಲ್ಲಿ ರೈಬೋಫ್ಲೇವಿನ್, ಅಂದ್ರೆ ಬಿ2 ವಿಟಮಿನ್, ಸೇರಿಸಿ ಕೊಟ್ಟರು. ಅದನ್ನು ನುಂಗಿದವರ ಮೂತ್ರ ನೇರಳಾತೀತ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆಯುತ್ತೆ. ಹೊಳೆಯದೇ ಇದ್ದರೆ ಸಿಕ್ಕಿಬಿದ್ದರು! ಮಾತ್ರೆ ಎಣಿಸಿ ನೋಡೋದೂ ಇತ್ತು. ಸರಿಯಾಗಿ ತಗೊಳ್ಳದವರನ್ನು ಮೊದಲೇ ಕೈಬಿಟ್ಟರು.

ಫಲಿತಾಂಶ 1967ರಲ್ಲಿ ಬಂತು. ಖಾಲಿ ಮಾತ್ರೆಯ ಗುಂಪಿನಲ್ಲಿ 27 ಗಂಭೀರ ಘಟನೆಗಳು, ನಿಜವಾದ ಮಾತ್ರೆಯ ಗುಂಪಿನಲ್ಲಿ 2. ಖಾಲಿ ಮಾತ್ರೆ ತಗೊಂಡವರಲ್ಲಿ 4 ಜನ ಸತ್ತರು, ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇಲ್ಲ. ಕೆಳಗಿನ ಬಿಪಿ ಇನ್ನೂ ಕಡಿಮೆ ಇದ್ದ 380 ಜನರ ಫಲಿತಾಂಶ 1970ರಲ್ಲಿ ಬಂತು, ಅವರಿಗೂ ಲಾಭ ಆಗಿತ್ತು. ಇವತ್ತು ಡಾಕ್ಟರು ಚೀಟಿ ಬರೆಯೋ ಧೈರ್ಯದ ಬೇರು ಅಲ್ಲಿದೆ. ಆದರೆ ಆ ಲೆಕ್ಕ ದಿನಾ ತಗೊಂಡವರದ್ದು. ನೆನಪಾದಾಗ ತಗೊಂಡವರದ್ದಲ್ಲ.

ಆಮೇಲೆ ಮಾತ್ರೆಗಳು ಸಾಲುಸಾಲಾಗಿ ಬಂದವು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕ್ಯಾಪ್ಟೊಪ್ರಿಲ್‌ನ ಸುಳಿವು ಸಿಕ್ಕಿದ್ದು ಬ್ರೆಜಿಲ್‌ನ ಜರರಾಕ ಎಂಬ ಹಾವಿನ ವಿಷದಿಂದ. ಸರ್ಪಗಂಧ ಆಯ್ತು, ಸರ್ಪವೂ ಆಯ್ತು!

ಪ್ರತಿ ಮಾತ್ರೆಯೂ ಒಂದೊಂದು ಪಾಠ ಕಲಿಸಿತು. ಕ್ಲೋನಿಡಿನ್ ದಿಢೀರ್ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲಕ್ಕೆ ಚಿಮ್ಮಬಹುದು. ಪ್ರೊಪ್ರನೊಲಾಲ್ ಥರದ ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸಿದ ಕೆಲವರಿಗೆ ಹೃದಯಾಘಾತವೇ ಆಯಿತು. ಇನ್ನು ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡಿ, ಬಿಪಿಯನ್ನು ನಿಮಿಷಗಳಲ್ಲಿ ಇಳಿಸೋ ಅಭ್ಯಾಸ ತುಂಬಾ ಕಡೆ ಇತ್ತು. ಅಷ್ಟು ಬೇಗ ಇಳಿದಾಗ ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಅನಾಹುತಗಳಾದವು. ಇದನ್ನು ನಿಲ್ಲಿಸಿ ಅಂತ 1996ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲೇ ವೈದ್ಯರು ಬರೆದರು.

ಹಾಗಾದ್ರೆ ನಮ್ಮ ಮನೆಗೆ ಈ ಇತಿಹಾಸ ಏನು ಹೇಳುತ್ತೆ? ನಂಬರ್ ನಾರ್ಮಲ್ ಬಂತು ಅಂದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ. ಕಡಿಮೆ ಮಾಡೋದು, ನಿಲ್ಲಿಸೋದು ಡಾಕ್ಟರ್ ಜೊತೆ ಮಾತಾಡಿಯೇ. ಒಂದು ದಿನ ಮರೆತ್ರೆ ಮಾರನೇ ದಿನ ಎರಡು ನುಂಗಬೇಡಿ. ಬಿಪಿ ಜಾಸ್ತಿ ತೋರಿಸ್ತು ಅಂತ ಇನ್ನೊಂದು ಹಾಕ್ಕೋಬೇಡಿ. ತುಂಬಾ ಮನೆಗಳಲ್ಲಿರೋ ಆಮ್ಲೊಡಿಪಿನ್ ನಿಧಾನದ ಔಷಧಿ, ಅದರ ಪೂರ್ತಿ ಪರಿಣಾಮ ಕಾಣೋಕೆ ಒಂದು ವಾರದ ಮೇಲೇ ಬೇಕು. ಮಂಡಿನೋವಿಗೆ ಅಂಗಡಿಯಿಂದ ತರೋ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಿಪಿ ಏರಿಸಬಹುದು, ಕಿಡ್ನಿಗೂ ಹೊರೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಥರದ್ದು ಗರ್ಭಿಣಿಯರಿಗೆ ಕೂಡದು. ಅವುಗಳ ಜೊತೆ ಪೊಟ್ಯಾಸಿಯಂ ಇರೋ 'ಲೋ ಸೋಡಿಯಂ' ಉಪ್ಪನ್ನು ಕೇಳದೆ ಬಳಸಬೇಡಿ. ಒಣ ಕೆಮ್ಮು, ಕಾಲು ಊತ, ಎದ್ದಾಗ ತಲೆಸುತ್ತು ಬಂದ್ರೆ ಸುಮ್ನೆ ಬಿಟ್ಟುಬಿಡಬೇಡಿ, ಹೋಗಿ ಹೇಳಿ. ಬದಲಿ ಮಾತ್ರೆಗಳಿವೆ. ರೂಸ್‌ವೆಲ್ಟ್‌ಗೆ ಆ ಭಾಗ್ಯ ಇರಲಿಲ್ಲ.

ಈಗ ನಮ್ಮಪ್ಪ. ಆ "ಹೂಂ" ಆಗಿ ನಾಲ್ಕು ತಿಂಗಳಿಗೆ ಒಂದು ಬೆಳಗ್ಗೆ ಅವರ ಎಡಗೈಯಿಂದ ಕಾಫಿ ಲೋಟ ಜಾರಿತು. ಬಾಯಿ ಒಂದು ಕಡೆ ಎಳೆದಿತ್ತು, ಮಾತು ತೊದಲುತ್ತಿತ್ತು. ಅಮ್ಮ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನಾನು ಬೆಂಗಳೂರಿಂದ ಓಡಿ ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಮಾತ್ರೆ ತಗೋತಿದ್ರಾ?" ಅಮ್ಮ ನನ್ನ ಮುಖ ನೋಡಿದ್ರು. ನಾನು ನೆಲ ನೋಡಿದೆ.

ಅಪ್ಪ ಈಗ ನಡೀತಾರೆ, ಮಾತಾಡ್ತಾರೆ, ಜಗಳವನ್ನೂ ಆಡ್ತಾರೆ. ಎಡಗೈಯಲ್ಲಿ ಶರ್ಟಿನ ಗುಂಡಿ ಹಾಕೋಕೆ ಮಾತ್ರ ಆಗಲ್ಲ. ಪ್ರತಿದಿನ ಬೆಳಗ್ಗೆ 8 ಗಂಟೆಗೆ ನಾನು ಫೋನ್ ಮಾಡ್ತೀನಿ. "ಆಯ್ತಾ?" ಅಂತೀನಿ. "ಆಯ್ತು ಮಾರಾಯಾ" ಅಂತಾರೆ. ಹತ್ತು ಸೆಕೆಂಡಿನ ಕಾಲ್.

ಈ ಸಂಚಿಕೆ ಮುಗಿದ ಮೇಲೆ ಇನ್ನೊಂದು ಎಪಿಸೋಡ್ ಹಾಕ್ಕೊಳ್ಳೋ ಮುಂಚೆ ನೀವೂ ಮನೆಗೆ ಒಂದು ಕಾಲ್ ಮಾಡಿ.