ಬಣ್ಣ ಒಳಗಿಳಿದ ಕಥೆ

ಮಾವಿನಮಿಡಿ ಉಪ್ಪಿಗೆ ಹಾಕಿದವರಿಗೆ ಗೊತ್ತು: ಉಪ್ಪು ಮೇಲೆ ಬೇಗ ಹತ್ತುತ್ತೆ, ಒಳಗಿನ ತನಕ ಇಳಿಯೋಕೆ ದಿನಗಟ್ಟಲೆ ಬೇಕು. ಸೂಕ್ಷ್ಮದರ್ಶಕ ಹಿಡಿದ ವಿಜ್ಞಾನಿಗಳೂ ಇದೇ ಸಮಸ್ಯೆ ಜೊತೆ ಬಹಳ ಕಾಲ ಗುದ್ದಾಡಿದ್ದಾರೆ.

1873. ಇಟಲಿಯ ಅಬ್ಬಿಯಾಟೆಗ್ರಾಸೊ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ವೈದ್ಯ ಕ್ಯಾಮಿಲ್ಲೊ ಗಾಲ್ಜಿ, ಮಿದುಳಿನ ತುಂಡುಗಳನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ನೆನೆಸಿಟ್ಟರು. ಕೆಲವೇ ಕೆಲವು ನರಕೋಶಗಳು ಕೊಂಬೆರೆಂಬೆ ಸಮೇತ ಕಪ್ಪಾಗಿ ಎದ್ದು ಕಂಡವು. ಲವಣದ ಕಣಗಳು ತೀರಾ ಚಿಕ್ಕವು, ಒಳಗಿಳಿದವು. ಆದರೆ ಯಾವ ಕೋಶ ಕಪ್ಪಾಗುತ್ತೆ ಅನ್ನೋದು ಯಾರ ಕೈಯಲ್ಲೂ ಇರಲಿಲ್ಲ.

ಬೇಕಾದ್ದನ್ನೇ ಹುಡುಕಿ ಗುರುತು ಹಾಕುವ ದಾರಿ ತೋರಿಸಿದವರು ಅಮೆರಿಕದ ಆಲ್ಬರ್ಟ್ ಕೂನ್ಸ್. 1941ರಲ್ಲಿ ಅವರ ತಂಡ ಪ್ರತಿಕಾಯಕ್ಕೆ, ಅಂದರೆ ಆ್ಯಂಟಿಬಾಡಿಗೆ, ಹೊಳೆಯುವ ಬಣ್ಣ ಕಟ್ಟಿತು. ತೊಂದರೆ ಏನಪ್ಪಾ ಅಂದ್ರೆ, ಪ್ರತಿಕಾಯದ ತೂಕ ಸುಮಾರು 1,50,000 ಡಾಲ್ಟನ್. ಲವಣದ ಮುಂದೆ ಇದು ಆನೆ. ಹಾಗಾಗಿ ಅಂಗಾಂಶವನ್ನು ತೆಳ್ಳಗೆ ಹೆಚ್ಚಿಯೇ ನೋಡಬೇಕಿತ್ತು.

2013ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸರಾತ್ ತಂಡ 'ಕ್ಲ್ಯಾರಿಟಿ' ವಿಧಾನ ಪ್ರಕಟಿಸಿತು. ಇಲಿಯ ಮಿದುಳಿನ ಕೊಬ್ಬನ್ನೆಲ್ಲ ತೆಗೆದು, ಇಡೀ ಮಿದುಳನ್ನೇ ಗಾಜಿನಂತೆ ಪಾರದರ್ಶಕ ಮಾಡಿದರು. ಬೆಳಕು ಸಲೀಸಾಗಿ ಒಳಹೊಕ್ಕಿತು. ಪ್ರತಿಕಾಯ ಮಾತ್ರ ಹಿಂದೆ ಬಿತ್ತು. ದೂರ ಎರಡು ಪಟ್ಟಾದರೆ ಇಳಿಯುವ ಸಮಯ ನಾಲ್ಕು ಪಟ್ಟು. ಸಾಲದ್ದಕ್ಕೆ, ಮೇಲ್ಪದರದ ಪ್ರೋಟೀನ್‌ಗಳೇ ಬಂದ ಪ್ರತಿಕಾಯವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ.

ಇದು ಬರೀ ತಡವಾಗುವ ಮಾತಲ್ಲ. ಚಿತ್ರದ ನಡುವೆ ಕತ್ತಲಿದ್ದರೆ, ಅಲ್ಲಿ ಆ ಪ್ರೋಟೀನೇ ಇಲ್ಲವೋ, ಬಣ್ಣ ತಲುಪಿಲ್ಲವೋ? ರೋಗದ ಜಾಡು ಹುಡುಕುವವರು ಇಲ್ಲಿ ಎಡವಿದರೆ ತೀರ್ಮಾನವೇ ತಲೆಕೆಳಗು.

2015ರಲ್ಲಿ ಎಂಐಟಿಯ ಕ್ವಾಂಗ್‌ಹುನ್ ಚುಂಗ್ ತಂಡ ಎರಡು ಉಪಾಯ ಮುಂದಿಟ್ಟಿತು. ಒಂದು, ತಿರುಗುವ ವಿದ್ಯುತ್ ಕ್ಷೇತ್ರದಿಂದ ಪ್ರತಿಕಾಯವನ್ನು ಒಳಗೆ ತಳ್ಳುವುದು. ಇನ್ನೊಂದು 'ಸ್ವಿಚ್': ರಾಸಾಯನಿಕದಿಂದ ಅಂಟುವ ಗುಣವನ್ನು ತಡೆದು, ಎಲ್ಲೆಡೆ ಹರಡಿದ ಮೇಲೆ ಬಿಟ್ಟುಕೊಡುವುದು. ಮುಂದೆ ಜರ್ಮನಿಯ ಅಲಿ ಎರ್ಟುರ್ಕ್ ತಂಡ, ಒಂಟೆ ಜಾತಿಯ ಪ್ರಾಣಿಗಳಲ್ಲಿ ಸಿಗುವ ಪ್ರತಿಕಾಯದ ಹತ್ತನೇ ಒಂದರಷ್ಟು ಪುಟ್ಟ ತುಣುಕು, ನ್ಯಾನೋಬಾಡಿ, ಬಳಸಿ ಇಡೀ ಇಲಿಯ ದೇಹದಲ್ಲೇ ಗುರುತು ಹೊಳೆಯುವಂತೆ ಮಾಡಿತು.

ಈಗ ಒಳಗಿನ ಚಿತ್ರ ಸಿಗ್ತಿದೆ. ಆದರೂ ಕತ್ತಲು ಕಂಡಾಗ 'ಇಲ್ಲ' ಅನ್ನೋ ಮುಂಚೆ 'ತಲುಪಿದೆಯಾ' ಅಂತ ಕೇಳಲೇಬೇಕು. ಮತ್ತೆ ಸಿಗೋಣ.